ಕೇಳುವುದನ್ನು ಕಲಿಸುವ ಕಸುಬು

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್, ಅಂದರೆ ಪ್ರೇರಣಾ ಸಂದರ್ಶನ, ಮಾತುಕತೆಯ ಒಂದು ವಿಧಾನ. ಬಲ್ಲವರ ನಡುವೆ ಇದರ ಹೆಸರು ಬರೀ ಎಂ.ಐ. ಕುಡಿತ ಬಿಡುವುದೋ ಬೇಡವೋ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನಾ ನುಂಗುವುದೋ ಬೇಡವೋ ಎಂದು ಎರಡು ಮನಸ್ಸಿನಲ್ಲಿರುವವರಿಗೆ ಬುದ್ಧಿ ಹೇಳದೆ, ಬದಲಾಗಲು ಅವರದೇ ಕಾರಣಗಳನ್ನು ಅವರ ಬಾಯಿಂದಲೇ ಹೊರಡಿಸುವುದು ಅದರ ತಿರುಳು. ಇದನ್ನು ಬಳಸುವವರು ವೈದ್ಯರು, ದಾದಿಯರು, ಆಪ್ತಸಮಾಲೋಚಕರು, ಪ್ರೊಬೇಷನ್ ಅಧಿಕಾರಿಗಳು. ಇದನ್ನು ಅವರಿಗೆ ಕಲಿಸುವವರಲ್ಲಿ ಅನೇಕರು ಯಾವ ವಿಶ್ವವಿದ್ಯಾಲಯದ ಸಂಬಳಕ್ಕೂ ಒಳಪಡದ ಸ್ವತಂತ್ರ ತರಬೇತುದಾರರು. ಕರೆದಲ್ಲಿಗೆ ಹೋಗಿ ಎರಡು ದಿನದ ಕಮ್ಮಟ ನಡೆಸುವುದು, ಕಲಿತವರು ಕಳಿಸುವ ಧ್ವನಿಮುದ್ರಿಕೆಗಳನ್ನು ಕೇಳಿ ತಿದ್ದುವುದು ಅವರ ಜೀವನೋಪಾಯ. ಈ ಕಸುಬಿಗೆ ಇನ್ನೂ ನಾಲ್ಕು ದಶಕ ತುಂಬಿಲ್ಲ. ಆದರೆ ಇಷ್ಟು ಚಿಕ್ಕ ಅವಧಿಯಲ್ಲೇ, ತಾನು ಮಾರುವ ಸರಕು ಸಾಲದು ಎಂದು ತಾನೇ ಪರೀಕ್ಷಿಸಿ ಕಂಡುಕೊಂಡು, ಅದನ್ನು ಬಹಿರಂಗವಾಗಿ ಒಪ್ಪಿಕೊಂಡ ಅಪರೂಪದ ಕಸುಬು ಇದು.

ಎಂ.ಐ. ಹುಟ್ಟುವ ಮೊದಲು ಅಮೆರಿಕದಲ್ಲಿ ವ್ಯಸನದ ಚಿಕಿತ್ಸೆ ಎಂದರೆ ಬಹುಪಾಲು ಜಗಳವೇ ಆಗಿತ್ತು. ಕುಡುಕ ಸುಳ್ಳುಗಾರ, ತನ್ನ ಕಾಯಿಲೆಯನ್ನು ತಾನೇ ನಿರಾಕರಿಸುವವ, ಆ ನಿರಾಕರಣೆಯ ಗೋಡೆಯನ್ನು ಒಡೆದರಷ್ಟೇ ಗುಣವಾಗುವವ ಎಂಬ ನಂಬಿಕೆ ಬೇರೂರಿತ್ತು. 1958ರಲ್ಲಿ ಚಾರ್ಲ್ಸ್ ಡೆಡೆರಿಕ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಸಿನನಾನ್ ಎಂಬ ಸಮುದಾಯದಲ್ಲಿ ‘ಆಟ’ ಎಂದೇ ಕರೆಯುತ್ತಿದ್ದ ಒಂದು ಪದ್ಧತಿಯಿತ್ತು. ಸದಸ್ಯರು ಸುತ್ತ ಕೂತು ಒಬ್ಬನ ಮೇಲೆ ಬಾಯಿಗೆ ಬಂದಂತೆ ಮಾತಿನ ದಾಳಿ ಮಾಡುವುದೇ ಆ ಆಟ. ಆ ಮಾದರಿ ಅಲ್ಲಿಂದ ಬೇರೆ ಬೇರೆ ಚಿಕಿತ್ಸಾ ಸಮುದಾಯಗಳಿಗೆ ಹರಿಯಿತು. ಮನೆಯವರೂ ಮಾಲೀಕರೂ ಒಟ್ಟಾಗಿ ಕುಡುಕನನ್ನು ಎದುರಿಗೆ ಕೂರಿಸಿಕೊಂಡು ಅವನ ತಪ್ಪುಗಳ ಪಟ್ಟಿ ಓದುವ ‘ಇಂಟರ್‌ವೆನ್ಷನ್’ ಪದ್ಧತಿಯನ್ನು ಪಾದ್ರಿ ವರ್ನನ್ ಜಾನ್ಸನ್ 1973ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು. ಇವರ ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಆದರೆ ರೋಗಿಯನ್ನು ಬೈಯುವುದನ್ನು ಚಿಕಿತ್ಸೆ ಎಂದು ಕರೆದು ಅದಕ್ಕೆ ಹಣ ಪಡೆಯುವುದು ವೈದ್ಯಕೀಯದ ಇನ್ನಾವ ಶಾಖೆಯಲ್ಲಾದರೂ ಅಷ್ಟು ವರ್ಷ ನಡೆಯುತ್ತಿತ್ತೇ ಎಂಬುದು ಅನುಮಾನ.

ಈ ನಂಬಿಕೆಯ ಪರಿಚಯವೇ ಇಲ್ಲದ ಒಬ್ಬ ವಿದ್ಯಾರ್ಥಿ 1970ರ ದಶಕದ ಮೊದಲ ವರ್ಷಗಳಲ್ಲಿ ಮಿಲ್ವಾಕೀ ನಗರದ ಮಾಜಿ ಸೈನಿಕರ ಆಸ್ಪತ್ರೆಗೆ ತರಬೇತಿಗಾಗಿ ಬಂದ. ಆತ 1947ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ವಿಲಿಯಂ ಆರ್. ಮಿಲ್ಲರ್. ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದುತ್ತಿದ್ದ ಮಿಲ್ಲರ್ ಅಲ್ಲಿ ಕಾರ್ಲ್ ರೋಜರ್ಸ್ ಪರಂಪರೆಯ ಆಲಿಸುವಿಕೆಯನ್ನು ಕಲಿತಿದ್ದರು. ಎದುರಿಗಿರುವವರ ಮಾತಿನ ಒಳಗನ್ನು ಹಿಡಿದು ಅವರಿಗೇ ಮರುನುಡಿಯುವ ಕಲೆ ಅದು. ಮದ್ಯವ್ಯಸನದ ಬಗ್ಗೆ ಏನೂ ಗೊತ್ತಿರದ ಕಾರಣ ವಾರ್ಡಿನ ರೋಗಿಗಳನ್ನೇ ಗುರುಗಳೆಂದು ತಿಳಿದು ಅವರ ಕಥೆ ಕೇಳುತ್ತಾ ಕೂತರು. ಅವರೂ ಮನಬಿಚ್ಚಿ ಮಾತಾಡಿದರು. ಆಮೇಲೆ ಪುಸ್ತಕ ತೆರೆದರೆ ಅದರಲ್ಲಿ ಸುಳ್ಳು, ನಿರಾಕರಣೆ, ಹಟಮಾರಿತನ. ವಾರ್ಡಿನಲ್ಲಿ ಕಂಡ ಮನುಷ್ಯರಿಗೂ ಪುಸ್ತಕದಲ್ಲಿದ್ದ ಮನುಷ್ಯರಿಗೂ ತಾಳೆಯೇ ಆಗಲಿಲ್ಲ.

1976ರಲ್ಲಿ ಮಿಲ್ಲರ್ ಆಲ್ಬುಕರ್ಕಿಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಸೇರಿದರು. ಅಲ್ಲಿ ಅವರ ತಂಡ ನಡೆಸಿ 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿರೀಕ್ಷಿಸದ ಫಲ ಕೊಟ್ಟಿತು. ಕುಡಿತವನ್ನು ಹತೋಟಿಯಲ್ಲಿಡಲು ಕಲಿಸುವ ವರ್ತನಾ ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ನೋಡುವುದು ಅಧ್ಯಯನದ ಗುರಿ. ಚಿಕಿತ್ಸೆ ಕೊಟ್ಟವರು ಒಂಬತ್ತು ಮಂದಿ. ಅವರ ಸಹಾನುಭೂತಿಯನ್ನು, ಅಂದರೆ ಎಷ್ಟು ಚೆನ್ನಾಗಿ ಆಲಿಸುತ್ತಾರೆ ಎಂಬುದನ್ನು, ಮೇಲ್ವಿಚಾರಕರು ಅಳೆದು ಕ್ರಮಾಂಕ ಹಚ್ಚಿದ್ದರು. ಆರು ತಿಂಗಳ ನಂತರ ನೋಡಿದರೆ ರೋಗಿಗಳ ಕುಡಿತದಲ್ಲಿ ಕಂಡ ವ್ಯತ್ಯಾಸದ ಸುಮಾರು ಮೂರರಲ್ಲಿ ಎರಡು ಪಾಲಿಗೆ ಆ ಸಹಾನುಭೂತಿಯೇ ವಿವರಣೆಯಾಗುತ್ತಿತ್ತು. ಯಾವ ಚಿಕಿತ್ಸೆ ಎಂಬುದಕ್ಕಿಂತ ಯಾರು ಕೊಟ್ಟರು ಎಂಬುದು ಮುಖ್ಯವಾಗಿತ್ತು. ಸರಿಯಾಗಿ ಆಲಿಸದ ಚಿಕಿತ್ಸಕರ ಕೈಗೆ ಸಿಕ್ಕವರಿಗಿಂತ ಒಂದು ಕೈಪಿಡಿ ಹಿಡಿದು ಮನೆಗೆ ಹೋದವರೇ ಚೆನ್ನಾಗಿದ್ದರು. ತರಬೇತುದಾರರ ಕಸುಬಿನ ಬೀಜ ಇಲ್ಲಿದೆ: ಫಲ ಚಿಕಿತ್ಸೆಯ ಹೆಸರಿನಲ್ಲಿಲ್ಲದೆ ಕೊಡುವವರ ನಡೆಯಲ್ಲಿದ್ದರೆ, ಆ ನಡೆಯನ್ನು ಯಾರಾದರೂ ಕಲಿಸಲೇಬೇಕು.

1982ರಲ್ಲಿ ಮಿಲ್ಲರ್ ಅಧ್ಯಯನ ರಜೆಯ ಮೇಲೆ ನಾರ್ವೆಗೆ ಹೋದರು. ಬರ್ಗನ್ ನಗರದ ಹತ್ತಿರ ಯೆಲ್ಲೆಸ್ಟಾಡ್ ಎಂಬಲ್ಲಿ ಮದ್ಯವ್ಯಸನಿಗಳ ಚಿಕಿತ್ಸಾಲಯವಿತ್ತು. ಅಲ್ಲಿ ವರ್ತನಾ ಚಿಕಿತ್ಸೆಯ ಬಗ್ಗೆ ಉಪನ್ಯಾಸ ಕೊಡುವುದರ ಜೊತೆಗೆ ಒಂದು ಗುಂಪು ಎಳೆಯ ಮನೋವಿಜ್ಞಾನಿಗಳೊಂದಿಗೆ ನಿಯಮಿತವಾಗಿ ಕೂರಬೇಕಿತ್ತು. ಅವರು ಬರೀ ಉಪನ್ಯಾಸ ಕೇಳಿ ಸುಮ್ಮನಾಗುವವರಾಗಿರಲಿಲ್ಲ. ತಮಗೆ ಕಷ್ಟವೆನಿಸಿದ ರೋಗಿಯ ಪಾತ್ರವನ್ನು ತಾವೇ ವಹಿಸಿ, ನೀವಾದರೆ ಏನು ಮಾಡುತ್ತೀರಿ, ತೋರಿಸಿ ಎಂದರು. ಮಿಲ್ಲರ್ ಮಾತಾಡತೊಡಗಿದರೆ ನಡುವೆಯೇ ತಡೆದು ಪ್ರಶ್ನಿಸಿದರು. ಈಗ ಇದೇ ಮಾತನ್ನು ಏಕೆ ಮರುನುಡಿದಿರಿ, ಅದನ್ನೇಕೆ ಬಿಟ್ಟಿರಿ? ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ? ಅಷ್ಟು ದಿನ ಅಭ್ಯಾಸಬಲದಿಂದ ಮಾಡುತ್ತಿದ್ದ ಕೆಲಸಕ್ಕೆ ಮಿಲ್ಲರ್ ಕಾರಣ ಹುಡುಕಬೇಕಾಯಿತು. ಹುಡುಕಿದಾಗ ಸಿಕ್ಕ ಸೂತ್ರ ಅವರಿಗೇ ಹೊಸದು. ಬದಲಾವಣೆಯ ಪರವಾದ ವಾದವನ್ನು ಚಿಕಿತ್ಸಕ ಹೂಡಬಾರದು, ರೋಗಿಯೇ ಹೂಡುವಂತೆ ಮಾತನ್ನು ನಡೆಸಬೇಕು. ಚಿಕಿತ್ಸಕ ‘ಬಿಡು’ ಎಂದಷ್ಟೂ ರೋಗಿ ‘ಬಿಡಲಾರೆ’ ಎಂಬ ಪಕ್ಷ ಹಿಡಿಯುತ್ತಾನೆ, ತಾನು ಆಡಿದ ಮಾತನ್ನೇ ತಾನು ನಂಬುತ್ತಾನೆ.

ಈ ದೃಶ್ಯದ ಮಹತ್ವ ಎಂ.ಐ. ಹುಟ್ಟಿತೆಂಬುದರಲ್ಲಷ್ಟೇ ಇಲ್ಲ. ಮುಂದೆ ತರಬೇತುದಾರರ ಕಸುಬು ತಲುಪಬೇಕಾಗಿದ್ದ ಜಾಗವೂ ಇದೇ ಆಗಿತ್ತು: ಒಬ್ಬರು ಮಾಡಿ ತೋರಿಸುವುದು, ಇನ್ನೊಬ್ಬರು ತಡೆದು ಕೇಳುವುದು, ಆಡಿದ ಮಾತನ್ನು ಮತ್ತೆ ಎತ್ತಿಕೊಂಡು ಪರೀಕ್ಷಿಸುವುದು. ಬರ್ಗನ್ನಿನಲ್ಲಿ ಅದು ತಾನಾಗಿ ನಡೆಯಿತು. ಕಸುಬು ಅದನ್ನು ಮರೆತು ಉಪನ್ಯಾಸ, ಕಮ್ಮಟಗಳ ದಾರಿ ಹಿಡಿದು, ಎರಡು ದಶಕದ ನಂತರ ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದಿತು.

ನಾರ್ವೆಯಲ್ಲಿ ಮೂಡಿದ ವಿಚಾರವನ್ನು ಮಿಲ್ಲರ್ ಬರಹಕ್ಕಿಳಿಸಿ ಕೆಲವು ಸಹೋದ್ಯೋಗಿಗಳಿಗೆ ಕಳಿಸಿದರು. ಅದು 1983ರಲ್ಲಿ ‘ಬಿಹೇವಿಯರಲ್ ಸೈಕೋಥೆರಪಿ’ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಿಲ್ಲರ್ ಅಮೆರಿಕಕ್ಕೆ ಮರಳಿ ಸಂಶೋಧನೆಯಲ್ಲಿ ಮುಳುಗಿದ್ದಾಗ ಆ ಲೇಖನ ಬ್ರಿಟನ್ನಿನಲ್ಲಿ ತನ್ನ ಪಾಡಿಗೆ ತಾನು ಹರಡುತ್ತಿತ್ತು. ಇದು ಅವರಿಗೆ ತಿಳಿದದ್ದು 1989ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಅಧ್ಯಯನ ರಜೆಯ ಮೇಲೆ ಅಲ್ಲಿನ ರಾಷ್ಟ್ರೀಯ ಮಾದಕವಸ್ತು ಮತ್ತು ಮದ್ಯ ಸಂಶೋಧನಾ ಕೇಂದ್ರಕ್ಕೆ ಬಂದಿದ್ದ ಮಿಲ್ಲರ್‌ಗೆ, ದಕ್ಷಿಣ ಆಫ್ರಿಕಾ ಮೂಲದ, ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರಾಲ್ನಿಕ್ ಸಿಕ್ಕರು. ಬ್ರಿಟನ್ನಿನಲ್ಲಿ ಎಲ್ಲರೂ ನಿಮ್ಮ ವಿಧಾನದ ಮಾತಾಡುತ್ತಿದ್ದಾರೆ, ನೀನೂ ಕಲಿಸು ಎಂದು ನನ್ನನ್ನು ಕೇಳುತ್ತಿದ್ದಾರೆ, ನನಗೆ ಸರಿಯಾಗಿ ಅರ್ಥವಾಗಿದೆಯೋ ಇಲ್ಲವೋ ತಿಳಿಯದು ಎಂಬುದು ರಾಲ್ನಿಕ್ ಅವರ ಅಳಲಾಗಿತ್ತು. ತರಬೇತುದಾರರಿಗೆ ಬೇಡಿಕೆ ಹುಟ್ಟಿದ್ದಕ್ಕೆ ಇದೊಂದು ಸುಳಿವು. ಬೇಡಿಕೆ ಹುಟ್ಟಿದಾಗ ಪಠ್ಯಪುಸ್ತಕವೇ ಇರಲಿಲ್ಲ. ಇಬ್ಬರೂ ಸೇರಿ ಬರೆದ ಮೊದಲ ಪುಸ್ತಕ 1991ರಲ್ಲಿ ಹೊರಬಂತು.

ಪುಸ್ತಕ ಓದಿದವರು ಕಮ್ಮಟ ಕೇಳಿದರು. ಕರೆಗಳು ಇಬ್ಬರ ಕೈ ಮೀರಿದವು. 1993ರಲ್ಲಿ ಆಲ್ಬುಕರ್ಕಿಯಲ್ಲಿ ಒಂದು ಪ್ರಯೋಗ ನಡೆಯಿತು. ಅದು ರೋಗಿಗಳೊಂದಿಗೆ ಕೆಲಸ ಮಾಡುವವರಿಗಲ್ಲ, ಅವರಿಗೆ ಕಲಿಸಬಯಸುವವರಿಗೇ ಏರ್ಪಡಿಸಿದ ಕಮ್ಮಟ. ಹೊಸ ತರಬೇತುದಾರರ ತರಬೇತಿ ಎಂಬ ಅರ್ಥದ ಟಿ.ಎನ್.ಟಿ. ಎಂಬ ಹೆಸರು ಆ ಕಮ್ಮಟಗಳಿಗೆ ನಿಂತಿತು. ಬಂದವರು ಮತ್ತೆ ಸೇರಬೇಕೆಂದರು. ಹಾಗೆ ಸೇರಿದವರ ಬಳಗವೇ ಮಿಂಟ್, ಅಂದರೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ತರಬೇತುದಾರರ ಜಾಲ. ಮೊದಲ ವರ್ಷಗಳಲ್ಲಿ ಅದಕ್ಕೆ ಕಚೇರಿಯೂ ಇಲ್ಲ, ನೋಂದಣಿಯೂ ಇಲ್ಲ. ಒಂದು ಸುದ್ದಿಪತ್ರ, ವರ್ಷಕ್ಕೊಮ್ಮೆ ಕೂಟ, ಅಷ್ಟೆ. ಆ ಕೂಟಗಳಲ್ಲಿ ಬೆಳೆದ ಒಂದು ರೂಢಿ ಗಮನಾರ್ಹ. ಒಬ್ಬ ತರಬೇತುದಾರ ಹೊಸ ಅಭ್ಯಾಸವೊಂದನ್ನು ಕಂಡುಹಿಡಿದರೆ ಅದನ್ನು ಬಚ್ಚಿಟ್ಟುಕೊಳ್ಳದೆ ಎಲ್ಲರ ಮುಂದೆ ಮಾಡಿ ತೋರಿಸುತ್ತಿದ್ದ. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿಯಲ್ಲಿರುವ ಜನ ತಮ್ಮ ಉಪಕರಣಗಳನ್ನು ಹೀಗೆ ಹಂಚಿಕೊಂಡರು. ಅವೆಲ್ಲ ಸೇರಿ ತರಬೇತುದಾರರ ಕೈಪಿಡಿಯಾಗಿ, ಹೊಸಬರಿಗೂ ಸಿಗುವಂತಾದವು.

ಇದೇ ಉದಾರತೆಯ ಇನ್ನೊಂದು ಮುಖ ಹೆಸರಿನ ಪ್ರಶ್ನೆ. ಮನೋಚಿಕಿತ್ಸೆಯ ಜಗತ್ತಿನಲ್ಲಿ ಹೊಸ ವಿಧಾನ ಕಂಡುಹಿಡಿದವರು ಅದರ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ, ಪ್ರಮಾಣಪತ್ರ ಪಡೆದವರಷ್ಟೇ ಬಳಸಬಹುದು ಎಂದು ಬೇಲಿ ಹಾಕುವುದುಂಟು. ಮಿಲ್ಲರ್ ಮತ್ತು ರಾಲ್ನಿಕ್ ಹಾಗೆ ಮಾಡಲಿಲ್ಲ. ಯಾರು ಬಳಸಬೇಕು, ಯಾರು ಕಲಿಸಬೇಕು ಎಂದು ಕಾವಲು ಕಾಯುವ ಬದಲು ಒಳ್ಳೆಯ ಎಂ.ಐ. ಎಂದರೇನೆಂದು ಸ್ಪಷ್ಟಪಡಿಸುತ್ತಾ ಹೋಗುವುದೇ ತಮ್ಮ ಕೆಲಸ ಎಂದುಕೊಂಡರು. ಸ್ವತಂತ್ರ ತರಬೇತುದಾರರ ಕಸುಬು ಸಾಧ್ಯವಾದದ್ದೇ ಈ ನಿರ್ಧಾರದಿಂದ. ಯಾರಿಗೂ ರಾಯಧನ ಕಟ್ಟಬೇಕಿಲ್ಲ, ಯಾರ ಪರವಾನಗಿಯೂ ಬೇಕಿಲ್ಲ. ಕಷ್ಟ ಬಂದದ್ದೂ ಇದರಿಂದಲೇ. ಒಂದು ದಿನದ ಕಮ್ಮಟಕ್ಕೆ ಹೋಗಿ ಬಂದವರು ಮರುವಾರ ತಾವೇ ತರಬೇತುದಾರರೆಂದು ಫಲಕ ಹಾಕಿದರೆ ತಡೆಯುವವರಿಲ್ಲ. ಮನುಷ್ಯ ಹಂತ ಹಂತವಾಗಿ ಬದಲಾಗುತ್ತಾನೆಂಬ ಸಿದ್ಧಾಂತ, ಲಾಭನಷ್ಟದ ಪಟ್ಟಿ, ಚಾತುರ್ಯದಿಂದ ಒಪ್ಪಿಸುವ ತಂತ್ರ, ಹೀಗೆ ಏನೇನೋ ಎಂ.ಐ. ಹೆಸರಿನಲ್ಲಿ ಕಲಿಸಲ್ಪಟ್ಟವು. ಕೊನೆಗೆ 2009ರಲ್ಲಿ ಮೂಲಕರ್ತರಿಬ್ಬರೂ ಸೇರಿ, ಎಂ.ಐ. ಏನೇನಲ್ಲ ಎಂದು ಹತ್ತು ಅಂಶಗಳಲ್ಲಿ ವಿವರಿಸುವ ಲೇಖನವನ್ನೇ ಬರೆಯಬೇಕಾಯಿತು. ಆದರೂ ಬೇಲಿ ಹಾಕದ ನಿರ್ಧಾರ ಸರಿಯಾಗಿತ್ತೆಂದೇ ಹೇಳಬೇಕು. ಹಣವಿಲ್ಲದ ಆಸ್ಪತ್ರೆಗಳಿಗೂ ಬಡ ದೇಶಗಳಿಗೂ ಈ ವಿಧಾನ ಹೋಗಿ ಮುಟ್ಟಲು ಅದೇ ದಾರಿ ಮಾಡಿಕೊಟ್ಟಿತು.

1990ರ ದಶಕದ ಕೊನೆಯ ಹೊತ್ತಿಗೆ ಕಸುಬಿಗೆ ಅನ್ನ ಹುಟ್ಟತೊಡಗಿತು. 1997ರಲ್ಲಿ ಪ್ರಕಟವಾದ ಪ್ರಾಜೆಕ್ಟ್ ಮ್ಯಾಚ್ ಎಂಬ ಅಮೆರಿಕದ ಬೃಹತ್ ಅಧ್ಯಯನದಲ್ಲಿ 1,726 ಮಂದಿ ಪಾಲ್ಗೊಂಡಿದ್ದರು. ಎಂ.ಐ. ಆಧಾರಿತ ನಾಲ್ಕು ಭೇಟಿಗಳ ಚಿಕಿತ್ಸೆ, ಬೇರೆ ಎರಡು ಪದ್ಧತಿಗಳ ಹನ್ನೆರಡು ಭೇಟಿಗಳ ಚಿಕಿತ್ಸೆಗೆ ಹೆಚ್ಚೂಕಡಿಮೆ ಸಮನಾಗಿ ನಿಂತಿತು. ನಾಲ್ಕು ಭೇಟಿ ಎಂದರೆ ಖರ್ಚು ಕಡಿಮೆ. ಆಡಳಿತಗಾರರ ಕಿವಿ ನಿಮಿರಿತು. 1999ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯಿಂದ ಬರೆಸಿದ ಮಾರ್ಗದರ್ಶಿಯನ್ನು ಚಿಕಿತ್ಸಾ ಕೇಂದ್ರಗಳಿಗೆ ಉಚಿತವಾಗಿ ಹಂಚಿತು. 2003ರಲ್ಲಿ ಆರೆಗಾನ್ ರಾಜ್ಯ ಒಂದು ಕಾಯಿದೆ ಮಾಡಿ, ಗೊತ್ತುಪಡಿಸಿದ ಇಲಾಖೆಗಳು ತಮ್ಮ ಚಿಕಿತ್ಸಾ ವೆಚ್ಚದಲ್ಲಿ ಹಂತ ಹಂತವಾಗಿ ಶೇಕಡ 75ರಷ್ಟನ್ನು ಸಂಶೋಧನೆಯ ಆಧಾರವಿರುವ ಕಾರ್ಯಕ್ರಮಗಳಿಗೇ ಬಳಸಬೇಕೆಂದಿತು. ಇಂಥ ಕಟ್ಟಳೆ ಬಂದಲ್ಲೆಲ್ಲ ಇಲಾಖೆಗಳು ತಮ್ಮ ನೌಕರರಿಗೆ ತರಬೇತಿ ಕೊಡಿಸಲೇಬೇಕಾಯಿತು. ರಾಲ್ನಿಕ್ ಇತ್ತ ಬ್ರಿಟನ್ನಿನಲ್ಲಿ ಈ ವಿಧಾನವನ್ನು ಸಾಮಾನ್ಯ ವೈದ್ಯರ, ದಾದಿಯರ ಕೆಲಸಕ್ಕೆ ಹೊಂದಿಸುತ್ತಿದ್ದರು. ಹತ್ತು ನಿಮಿಷವೂ ಸಿಗದ ಭೇಟಿಯಲ್ಲಿ ತೂಕ, ಧೂಮಪಾನ, ಇನ್ಸುಲಿನ್ ಬಗ್ಗೆ ಹೇಗೆ ಮಾತಾಡಬೇಕೆಂಬುದು ಅಲ್ಲಿನ ಪ್ರಶ್ನೆ. ಹೀಗೆ ವ್ಯಸನದ ಚಿಕಿತ್ಸೆಗೆಂದು ಹುಟ್ಟಿದ ಕಸುಬು ಆಸ್ಪತ್ರೆ, ಜೈಲು, ಶಾಲೆಗಳಿಗೂ ಕಾಲಿಟ್ಟಿತು.

ಆ ಕಾಲದ ಸಾಮಾನ್ಯ ಕಮ್ಮಟ ಎರಡು ದಿನದ್ದು. ಮೊದಲ ಅಭ್ಯಾಸವನ್ನು ಅನೇಕ ತರಬೇತುದಾರರು ಇಂದಿಗೂ ಬಿಟ್ಟಿಲ್ಲ. ಇಬ್ಬಿಬ್ಬರು ಜೋಡಿಯಾಗುತ್ತಾರೆ. ಒಬ್ಬರು ತಮ್ಮ ಬದುಕಿನಲ್ಲಿ ಬದಲಾಯಿಸಬೇಕೆಂದಿದ್ದರೂ ಬದಲಾಯಿಸದೆ ಉಳಿದ ಒಂದು ಸಂಗತಿ ಹೇಳುತ್ತಾರೆ: ಬೆಳಗ್ಗೆ ನಡೆಯಲು ಹೋಗಬೇಕು, ರಾತ್ರಿ ಫೋನ್ ನೋಡುವುದನ್ನು ಬಿಡಬೇಕು. ಇನ್ನೊಬ್ಬರು ಏಕೆ ಬದಲಾಗಬೇಕು, ಹೇಗೆ ಬದಲಾಗಬೇಕು, ಬದಲಾದರೆ ಏನು ಲಾಭ ಎಂದು ಮನಸಾರೆ ಬುದ್ಧಿ ಹೇಳಬೇಕು. ಹೇಳಿಸಿಕೊಂಡವರಿಗೆ ಕೆಲವೇ ನಿಮಿಷಗಳಲ್ಲಿ ಸಿಡಿಮಿಡಿ, ಬೇಸರ, ‘ಹೌದು, ಆದರೆ...’ ಎಂಬ ರಾಗ. ಎರಡನೆಯ ಸುತ್ತಿನಲ್ಲಿ ಬುದ್ಧಿವಾದವಿಲ್ಲ. ಏಕೆ ಬದಲಾಗಬೇಕೆನಿಸುತ್ತದೆ, ಇದು ನಿಮಗೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಮುಖ್ಯ, ಅಂಕ ಅದಕ್ಕಿಂತ ಕಡಿಮೆ ಏಕಿಲ್ಲ ಎಂದು ಕೇಳಿ, ಉತ್ತರವನ್ನು ಮರುನುಡಿದು ಸುಮ್ಮನಿರಬೇಕು. ಕೊನೆಯ ಪ್ರಶ್ನೆಯಲ್ಲಿ ಕೌಶಲವಿದೆ. ‘ಐದೇ ಏಕೆ, ಹತ್ತು ಏಕಿಲ್ಲ’ ಎಂದು ಕೇಳಿದರೆ ಬದಲಾಗದಿರಲು ಕಾರಣಗಳು ಬರುತ್ತವೆ. ‘ಐದು ಏಕೆ, ಎರಡು ಏಕಲ್ಲ’ ಎಂದರೆ ಬದಲಾಗಲು ಕಾರಣಗಳು ಬರುತ್ತವೆ. ಎದುರಿಗಿರುವವರನ್ನು ಕೂಡಲೇ ಸರಿಪಡಿಸಿಬಿಡುವ ಒಳಗಿನ ಆತುರಕ್ಕೆ, ತಿದ್ದುವ ತವಕಕ್ಕೆ, ಕಡಿವಾಣ ಹಾಕಲು ಕಲಿಸುವುದು ಇಡೀ ಕಮ್ಮಟದ ಗುರಿ. ಒಳ್ಳೆಯ ದಾದಿಯರಿಗೂ ವೈದ್ಯರಿಗೂ ಇದು ಬಹಳ ಕಷ್ಟ, ಏಕೆಂದರೆ ಆ ತವಕವೇ ಅವರನ್ನು ಆ ವೃತ್ತಿಗೆ ತಂದದ್ದು.

ಎರಡು ದಿನ ಕಳೆದ ಮೇಲೆ ಮೆಚ್ಚುಗೆಯ ಪತ್ರಗಳು ತುಂಬಿ ಬರುತ್ತಿದ್ದವು. ಕಲಿತೆವು, ಕಣ್ಣು ತೆರೆಯಿತು ಎಂದು ಜನ ಬರೆಯುತ್ತಿದ್ದರು. ಬೇರಾವುದೇ ತರಬೇತಿಯ ಉದ್ದಿಮೆ ಅಷ್ಟಕ್ಕೆ ತೃಪ್ತಿಪಡುತ್ತಿತ್ತು. ಮಿಲ್ಲರ್ ಪಡಲಿಲ್ಲ. ಆರೆಗಾನಿನಲ್ಲಿ ಪ್ರೊಬೇಷನ್ ವ್ಯವಸ್ಥೆಯ 22 ಆಪ್ತಸಮಾಲೋಚಕರಿಗೆ ಎರಡು ದಿನದ ಕಮ್ಮಟ ನಡೆಸಿ, ಮೊದಲು ಮತ್ತು ನಂತರ ಅವರು ತಮ್ಮ ಬಳಿ ಬಂದವರೊಂದಿಗೆ ಆಡಿದ ಮಾತುಕತೆಯನ್ನು ಧ್ವನಿಮುದ್ರಿಸಿ ಕೇಳಿದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ತಾವು ಬಹಳ ಕಲಿತಿದ್ದೇವೆಂದು ಸಮಾಲೋಚಕರು ಹೇಳಿದ್ದರು. ಮುದ್ರಿಕೆಯಲ್ಲಿ ಕಂಡ ಬದಲಾವಣೆ ಅಲ್ಪ. ಅದಕ್ಕಿಂತ ಕಟುವಾದ ಸತ್ಯವೆಂದರೆ, ಅವರ ಎದುರಿಗೆ ಕೂತವರ ಮಾತಿನಲ್ಲಿ ಏನೇನೂ ವ್ಯತ್ಯಾಸವಾಗಿರಲಿಲ್ಲ. ಕಮ್ಮಟ ಅವರ ಕೈಗೆ ಕೌಶಲ ಕೊಡುವ ಬದಲು, ಕೌಶಲ ಬಂದಿದೆಯೆಂಬ ಭಾವನೆಯನ್ನು ಕೊಟ್ಟಿತ್ತು. ಬಂದಿದೆ ಎಂದುಕೊಂಡವರು ಮತ್ತೆ ಕಲಿಯಲು ಬರುವುದಿಲ್ಲ, ಹಾಗಾಗಿ ಇದು ಏನೂ ಕಲಿಸದೇ ಇರುವುದಕ್ಕಿಂತಲೂ ಕೆಟ್ಟದ್ದಾಗಬಹುದು. ತಾನೇ ನಡೆಸಿದ ಕಮ್ಮಟ ಫಲ ಕೊಡಲಿಲ್ಲವೆಂದು ಬರೆದು ಪ್ರಕಟಿಸಿದ ಆ ಪ್ರಾಮಾಣಿಕತೆ ಈ ಕಸುಬಿನ ಇತಿಹಾಸದ ಅತ್ಯಂತ ಗೌರವದ ಗಳಿಗೆ.

ಹಾಗಾದರೆ ಹೇಗೆ ಕಲಿಸಬೇಕು? 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದಕ್ಕೆ ಉತ್ತರ ಹುಡುಕಿತು. ವ್ಯಸನ ಚಿಕಿತ್ಸೆಯ 140 ಪರವಾನಗಿ ಪಡೆದ ವೃತ್ತಿನಿರತರನ್ನು ಐದು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬರೀ ಕಮ್ಮಟ. ಇನ್ನೊಂದಕ್ಕೆ ಕಮ್ಮಟದ ನಂತರ ಅವರ ಮುದ್ರಿಕೆಗಳ ವಿಮರ್ಶೆ. ಮತ್ತೊಂದಕ್ಕೆ ಕಮ್ಮಟದ ನಂತರ ದೂರವಾಣಿಯಲ್ಲಿ ಆರರವರೆಗೆ ಮಾರ್ಗದರ್ಶನದ ಕರೆಗಳು. ನಾಲ್ಕನೆಯದಕ್ಕೆ ಈ ಎರಡೂ. ಐದನೆಯ ಗುಂಪು ತಾನೇ ಪುಸ್ತಕ, ವೀಡಿಯೊಗಳಿಂದ ಕಲಿಯುತ್ತಾ ಕಾಯಬೇಕು. ಕಮ್ಮಟಕ್ಕೆ ಹೋದ ಎಲ್ಲರೂ ಐದನೆಯ ಗುಂಪಿಗಿಂತ ಮುಂದಿದ್ದರು. ಆದರೆ ಕಲಿತದ್ದು ಕೈಯಲ್ಲಿ ಉಳಿಯಲು ವಿಮರ್ಶೆಯೋ ಮಾರ್ಗದರ್ಶನವೋ ಬೇಕಿತ್ತು. ರೋಗಿಗಳ ಮಾತಿನಲ್ಲೇ ಬದಲಾವಣೆ ಕಂಡದ್ದು ಎರಡನ್ನೂ ಪಡೆದ ಗುಂಪಿನಲ್ಲಿ ಮಾತ್ರ. 2014ರಲ್ಲಿ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಕಮ್ಮಟದ ನಂತರ ಸುಮ್ಮನೆ ಬಿಟ್ಟರೆ ಕೌಶಲ ಸವೆಯುತ್ತದೆ, ಆರು ತಿಂಗಳ ಅವಧಿಯಲ್ಲಿ ಮೂರು ನಾಲ್ಕು ಸಲವಾದರೂ ಕೇಳಿ ತಿದ್ದುವವರಿದ್ದರೆ ನಿಲ್ಲುತ್ತದೆ. ಈಜುವುದನ್ನೋ ಸಂಗೀತವನ್ನೋ ಕಲಿಸುವವರಿಗೆ ಇದೇನು ಹೊಸ ಸುದ್ದಿಯಲ್ಲ. ಹಾಡಿಸದೆ ಹಾಡು ಕಲಿಸಿದ ಗುರು ಯಾರೂ ಇಲ್ಲ.

ಈ ಅರಿವು ಕಸುಬಿನ ಸ್ವರೂಪವನ್ನೇ ಬದಲಿಸಿತು. ಮೊದಲು ತರಬೇತುದಾರರ ಬಂಡವಾಳ ವೇದಿಕೆಯ ಮೇಲಿನ ಮಾತಾಗಿತ್ತು, ಈಗ ಅದು ಕಿವಿಯಾಯಿತು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಥೆರೇಸಾ ಮೋಯರ್ಸ್ ಮತ್ತು ಸಂಗಡಿಗರು ರೂಪಿಸಿದ ಮಿಟಿ ಎಂಬ ಅಳತೆಗೋಲು ಅದಕ್ಕೆ ಸಾಧನ. ಒಂದು ಧ್ವನಿಮುದ್ರಿಕೆಯಿಂದ ಇಪ್ಪತ್ತು ನಿಮಿಷದ ತುಣುಕನ್ನು ಆಯ್ದು, ಸಮಾಲೋಚಕರ ಪ್ರತಿ ಮಾತನ್ನೂ ಎಣಿಸುತ್ತಾರೆ: ಇದು ಪ್ರಶ್ನೆ, ಇದು ಮರುನುಡಿ, ಇದು ಮೆಚ್ಚುಗೆ, ಇದು ಕೇಳದೇ ಕೊಟ್ಟ ಬುದ್ಧಿವಾದ. ಒಟ್ಟು ಮಾತುಕತೆಯ ಗುಣಕ್ಕೆ ಒಂದರಿಂದ ಐದರವರೆಗೆ ಅಂಕ. ಪ್ರಶ್ನೆಯೊಂದಕ್ಕೆ ಮರುನುಡಿ ಒಂದಾದರೂ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಚೆನ್ನ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಪ್ರಶ್ನಿಸುವುದಕ್ಕೂ ಸಲ್ಲುತ್ತದೆ, ಆಲಿಸುವುದಕ್ಕೂ ಸಲ್ಲುತ್ತದೆ. ಮೊದಲನೆಯ ಅರ್ಥದಲ್ಲಿ ಕೇಳುವುದನ್ನು ಕಡಿಮೆ ಮಾಡಿಸಿ ಎರಡನೆಯ ಅರ್ಥದಲ್ಲಿ ಕೇಳುವುದನ್ನು ಹೆಚ್ಚಿಸುವುದು ಮುದ್ರಿಕೆ ಮುಂದಿಟ್ಟುಕೊಂಡು ಕೂತ ತರಬೇತುದಾರರ ನಿತ್ಯದ ದುಡಿಮೆ. ತಮ್ಮದೇ ದನಿಯನ್ನು ಕೇಳಿಸಿಕೊಳ್ಳುವುದಕ್ಕೆ ಕಲಿಯುವವರು ಮೊದಮೊದಲು ಹೆದರುತ್ತಾರೆ. ಎಣಿಕೆಯನ್ನು ಮುಖಕ್ಕೆ ಹಿಡಿದು ತಪ್ಪು ತೋರಿಸುವ ತರಬೇತುದಾರ, ತಾನು ಯಾವುದನ್ನು ಮಾಡಬಾರದೆಂದು ಕಲಿಸುತ್ತಿದ್ದಾನೋ ಅದನ್ನೇ ಮಾಡಿದಂತಾಗುತ್ತದೆ. ಆದ್ದರಿಂದ ತಿದ್ದುವುದೂ ಎಂ.ಐ. ರೀತಿಯಲ್ಲೇ ನಡೆಯಬೇಕು: ಈ ಜಾಗದಲ್ಲಿ ನಿಮಗೇನನಿಸಿತು ಎಂದು ಅವರಿಂದಲೇ ಹೊರಡಿಸಬೇಕು.

ಈ ನಡುವೆ ಕಲಿಸಬೇಕಾದ ವಿಷಯವೂ ನಿಂತ ನೀರಾಗಿರಲಿಲ್ಲ. ಭಾಷಾ ಮನೋವಿಜ್ಞಾನಿ ಪಾಲ್ ಆಮ್ರೈನ್ 2003ರಲ್ಲಿ, ರೋಗಿಯ ಮಾತಿನಲ್ಲಿ ಬದ್ಧತೆಯ ನುಡಿ ಬಲಗೊಳ್ಳುತ್ತಾ ಹೋದರೆ ಮುಂದೆ ಮಾದಕವಸ್ತು ಬಿಡುವ ಸಂಭವ ಹೆಚ್ಚು ಎಂದು ತೋರಿಸಿದ ಮೇಲೆ, ‘ಬದಲಾವಣೆಯ ಮಾತು’ ತರಬೇತಿಯ ಕೇಂದ್ರವಾಯಿತು. ಆಸೆ, ಶಕ್ತಿ, ಕಾರಣ, ಅಗತ್ಯಗಳ ಮಾತು ಮೊದಲು ಬರುತ್ತದೆ, ಬದ್ಧತೆ ಮತ್ತು ಹೆಜ್ಜೆಯ ಮಾತು ಆಮೇಲೆ. ಹಳೆಯ ಕಮ್ಮಟಗಳಲ್ಲಿ ಬಹಳ ಕೇಳಿಬರುತ್ತಿದ್ದ ‘ಪ್ರತಿರೋಧ’ ಎಂಬ ಪದವನ್ನು ಮಿಲ್ಲರ್ ಮತ್ತು ರಾಲ್ನಿಕ್ ಪುಸ್ತಕದ 2013ರ ಮೂರನೆಯ ಆವೃತ್ತಿ ಕೈಬಿಟ್ಟಿತು. ಇದ್ದಂತೆಯೇ ಇರುವುದರ ಪರವಾದ ಮಾತು ರೋಗಿಯ ಸಹಜ ಎರಡು ಮನಸ್ಸಿನ ಗುರುತು, ಸಮಾಲೋಚಕರೊಂದಿಗಿನ ಮನಸ್ತಾಪ ಬೇರೆಯೇ ಸಂಗತಿ, ಎರಡನ್ನೂ ಒಂದೇ ಹೆಸರಿನಿಂದ ರೋಗಿಯ ತಲೆಗೆ ಕಟ್ಟಬಾರದು ಎಂಬುದು ಕಾರಣ. ನಾಲ್ಕನೆಯ ಆವೃತ್ತಿ 2023ರಲ್ಲಿ ಬಂತು. ಪ್ರತಿ ಆವೃತ್ತಿಗೂ ತರಬೇತುದಾರರು ತಮ್ಮ ಸ್ಲೈಡು, ಕರಪತ್ರಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ.

ಮಿಂಟ್ 2008ರಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಮೂವತ್ತಕ್ಕೂ ಹೆಚ್ಚು ದೇಶಗಳ ತರಬೇತುದಾರರು ಅದರಲ್ಲಿದ್ದಾರೆ. ಸೇರಬಯಸುವವರು ತಮ್ಮದೇ ಮಾತುಕತೆಯ ಮುದ್ರಿಕೆಯನ್ನು ಪರೀಕ್ಷೆಗೆ ಒಪ್ಪಿಸಬೇಕೆಂಬ ನಿಯಮ ಬಂತು. ಕಲಿಸುವವರಿಗೆ ಮೊದಲು ತಾವು ಮಾಡಲು ಬರಬೇಕು ಎಂಬುದು ಅದರ ಅರ್ಥ. ಆದರೆ ಎಂ.ಐ. ಬಳಸುವವರಿಗೆ ಪ್ರಮಾಣಪತ್ರ ಕೊಡುವ ಕೆಲಸಕ್ಕೆ ಸಂಸ್ಥೆ ಇಂದಿಗೂ ಇಳಿದಿಲ್ಲ. ಸ್ವತಂತ್ರ ತರಬೇತುದಾರರ ದೊಡ್ಡ ಕಷ್ಟ ಇಂದಿಗೂ ಕೊಳ್ಳುವವರನ್ನು ಒಪ್ಪಿಸುವುದೇ. ಇಲಾಖೆಗಳು ನೂರು ಜನರನ್ನು ಒಂದು ಸಭಾಂಗಣದಲ್ಲಿ ಕೂರಿಸಿ ಒಂದು ದಿನದಲ್ಲಿ ಮುಗಿಸಿಕೊಡಿ ಎನ್ನುತ್ತವೆ. ಹತ್ತು ಜನರೊಂದಿಗೆ ಆರು ತಿಂಗಳು ಕೂರಬೇಕೆಂದರೆ ಅನುದಾನದ ಪುಸ್ತಕದಲ್ಲಿ ಅದಕ್ಕೆ ಕಲಮು ಇರುವುದಿಲ್ಲ. ಬರೀ ಒಂದು ದಿನದ ಕೆಲಸವನ್ನು ಒಪ್ಪಿಕೊಂಡರೆ ಹೊಟ್ಟೆ ತುಂಬುತ್ತದೆ, ವಿದ್ಯೆ ಉಳಿಯುವುದಿಲ್ಲ ಎಂದು ಬಲ್ಲ ತರಬೇತುದಾರರು ಒಪ್ಪಂದಕ್ಕೆ ಮೊದಲೇ ಮುದ್ರಿಕೆ ಮತ್ತು ಮಾರ್ಗದರ್ಶನದ ಷರತ್ತು ಹಾಕುವುದುಂಟು. 2020ರ ಕೋವಿಡ್ ಇದಕ್ಕೆ ಒಂದು ಬಾಗಿಲು ತೆರೆಯಿತು. ಕಮ್ಮಟಗಳು ಆನ್‌ಲೈನ್‌ಗೆ ಹೋದಾಗ ಎರಡು ದಿನದ ಪಾಠವನ್ನು ವಾರಗಳಿಗೆ ಹರಡುವುದು, ನಡುವೆ ಅಭ್ಯಾಸ ಮಾಡಿಸುವುದು ಸುಲಭವಾಯಿತು. ಮುದ್ರಿಕೆಯನ್ನು ತಾನೇ ಕೇಳಿ ಎಣಿಸುವ ತಂತ್ರಾಂಶಗಳ ಸಂಶೋಧನೆಯೂ 2010ರ ದಶಕದಿಂದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆದಿದೆ.

ಭಾರತದಲ್ಲಿ ಈ ವಿಧಾನ ಹೆಚ್ಚಾಗಿ ಬಂದದ್ದು ಸಂಸ್ಥೆಗಳ ಮೂಲಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯನ್ನು ಕಲಿಯುವ ಮನೋವೈದ್ಯರು, ಮನೋವಿಜ್ಞಾನಿಗಳು, ಸಮಾಜಕಾರ್ಯಕರ್ತರು ಇದನ್ನು ಕಲಿಯುತ್ತಾರೆ. ಕಲಿಸುವ ಕಸುಬಿನ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದದ್ದು ನೆರೆಯ ಗೋವಾದ ಪ್ರಯೋಗ. ಸಂಗಾತ್ ಎಂಬ ಸಂಸ್ಥೆಯ ತಂಡ ಎಂ.ಐ. ಮಾತಿನ ರೀತಿಯನ್ನೇ ಆಧಾರವಾಗಿಟ್ಟುಕೊಂಡು, ಗರಿಷ್ಠ ನಾಲ್ಕು ಭೇಟಿಗಳ ಸಮಾಲೋಚನೆಯೊಂದನ್ನು ರೂಪಿಸಿತು. ಅದನ್ನು ನಡೆಸಿದವರು ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರು. ಅವರು ಪರಸ್ಪರರ ಮುದ್ರಿಕೆಗಳನ್ನು ಕೇಳಿ, ಅಂಕ ಹಾಕಿ, ಚರ್ಚಿಸಿ ಕೌಶಲ ಉಳಿಸಿಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರ ಕುಡಿತದ 377 ಪುರುಷರ ಮೇಲೆ ನಡೆದ ಈ ಪರೀಕ್ಷೆಯ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇಕಡ 36 ಮಂದಿ, ತುಸು ಸುಧಾರಿಸಿದ ಮಾಮೂಲು ಆರೈಕೆ ಮಾತ್ರ ಪಡೆದವರಲ್ಲಿ ಶೇಕಡ 26 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು. ಬರ್ಗನ್ನಿನ ಗುಂಪು 1982ರಲ್ಲಿ ಮಾಡಿದ್ದನ್ನು, ಗುರುವಿಲ್ಲದ ಹೊತ್ತಿನಲ್ಲೂ ಸಹಪಾಠಿಗಳು ತಮ್ಮ ನಡುವೆಯೇ ಮಾಡಿಕೊಳ್ಳಬಹುದೆಂಬುದು ಇಲ್ಲಿ ಕಂಡುಬಂತು.

ಬೇರೆ ಭಾಷೆಗೆ ಹೋದಾಗ ಕಲಿಸುವವರ ಕೆಲಸ ಅನುವಾದದಿಂದ ಮುಗಿಯುವುದಿಲ್ಲ. ಅಳತೆಗೋಲು ಇಂಗ್ಲಿಷಿನ ವಾಕ್ಯಗಳನ್ನು ಕೇಳಿ ಮಾಡಿದ್ದು. ಇಂಗ್ಲಿಷಿನಲ್ಲಿ ಬೇಕು, ಬಲ್ಲೆ, ಮಾಡುವೆ ಎಂಬ ಭಾವಕ್ಕೆ ಬಿಡಿ ಪದಗಳಿವೆ, ಅವು ವಾಕ್ಯದ ಮೊದಲಲ್ಲೇ ಬರುತ್ತವೆ. ಕನ್ನಡದಲ್ಲಿ ಅವೆಲ್ಲ ಕ್ರಿಯಾಪದದ ಬಾಲ. ಬಿಡಬೇಕು ಎಂದರೆ ಅಗತ್ಯ, ಬಿಡಬಲ್ಲೆ ಎಂದರೆ ಶಕ್ತಿ, ಬಿಡಬೇಕು ಅಂತಿದ್ದೀನಿ ಎಂದರೆ ಬದ್ಧತೆಯ ಹೊಸ್ತಿಲು, ಬಿಡ್ತೀನಿ ಎಂದರೆ ಬದ್ಧತೆ. ‘ಬಿಡಬೇಕು’ ಎಂಬ ಒಂದೇ ರೂಪ ಸ್ವಂತ ಆಸೆಯೂ ಆಗಬಹುದು, ಹೆಂಡತಿಯೋ ಡಾಕ್ಟರೋ ಹೇಳಿದ ಮಾತಿನ ಗಿಳಿಪಾಠವೂ ಆಗಬಹುದು. ಎಣಿಸುವವರು ದನಿಯಿಂದಲೇ ಬೇರ್ಪಡಿಸಬೇಕು. ಇಷ್ಟೆಲ್ಲ ವಾಕ್ಯದ ತುತ್ತತುದಿಯಲ್ಲಿ ಬರುವುದರಿಂದ ಸಮಾಲೋಚಕರು ನಡುವೆ ಬಾಯಿ ಹಾಕಿದರೆ ಕನ್ನಡದಲ್ಲಿ ನಷ್ಟ ದೊಡ್ಡದು. ‘ಹಬ್ಬ ಮುಗಿದ ಮೇಲೆ ಬಿಡೋಕೆ ಆಗ...’ ಎನ್ನುವಲ್ಲಿ ತಡೆದರೆ, ಆ ಮನುಷ್ಯ ‘ಆಗುತ್ತೆ’ ಎನ್ನಲಿದ್ದನೋ ‘ಆಗಲ್ಲ’ ಎನ್ನಲಿದ್ದನೋ ಮುದ್ರಿಕೆಯನ್ನು ಎಷ್ಟು ಸಲ ತಿರುಗಿಸಿ ಹಾಕಿದರೂ ತಿಳಿಯುವುದಿಲ್ಲ.